ವೃದ್ಧಾಶ್ರಮಕ್ಕೆ ಮಕ್ಕಳು ವರ್ಷಕ್ಕೊಮ್ಮೆ ಹೋಗಿ ಬಂದರೆ ಸಾಲದು

ಮಾನ್ಯ ಸಂಪಾದಕರೇ,

ವಿಶ್ವಸಂಸ್ಥೆಯು 1990ರಲ್ಲಿ ಅಕ್ಟೋಬರ್ 1ನ್ನು ಹಿರಿಯರ ದಿನವೆಂದು ಘೋಷಿಸಿತು. ಅಂದು ನಮ್ಮ ಊರುಗಳ ಎಷ್ಟೋ ಶಾಲೆಗಳು ಮಕ್ಕಳನ್ನು ಹತ್ತಿರದ ವೃದ್ಧಾಶ್ರಮಕ್ಕೆ ಕರೆದೊಯ್ಯುತ್ತವೆ. ಹಣ್ಣು, ಬ್ರೆಡ್ಡು ಹಂಚಿ, ಒಂದು ಪ್ರಾರ್ಥನೆ ಹಾಡಿಸಿ, ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿಕೊಂಡು ಊಟದ ಹೊತ್ತಿಗೆ ಮರಳುತ್ತವೆ. ಮುಂದಿನ ವರ್ಷ ಹೋಗುವವರು ಬೇರೆ ಮಕ್ಕಳು. ಶಾಲೆಗಳ ಉದ್ದೇಶ ಒಳ್ಳೆಯದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೀಗೆ ಹೋದ ಪುಟ್ಟ ಬಂದ ಪುಟ್ಟ ಎಂಬಂತಹ ಭೇಟಿಯಲ್ಲಿ ಮಗುವಿಗೆ ಅಲ್ಲಿನ ಒಬ್ಬ ಅಜ್ಜಿಯ ಹೆಸರೂ ತಿಳಿಯುವುದಿಲ್ಲ, ಅಜ್ಜಿಗೆ ಮಗುವಿನ ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ. ಅದೇ ಮಕ್ಕಳು, ಅದೇ ಹಿರಿಯರ ಬಳಿಗೆ, ಗೊತ್ತುಪಡಿಸಿದ ದಿನದಂದು, ವರ್ಷವಿಡೀ ಹೋಗುವಂತಾಗಬೇಕು ಎಂಬುದೇ ಈ ಪತ್ರದ ಕೋರಿಕೆ.

ನಾನು ಹಾಸನ ಜಿಲ್ಲೆಯ ಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮಲ್ಲಿ ಏಳು ಮತ್ತು ಎಂಟನೇ ತರಗತಿಯ ಕೆಲವು ಮಕ್ಕಳು ಹದಿನೈದು ದಿನಕ್ಕೊಮ್ಮೆ, ಶನಿವಾರದ ಬೆಳಗಿನ ಶಾಲೆಯ ಕೊನೆಯ ಎರಡು ಪೀರಿಯಡ್‌ಗಳಲ್ಲಿ, ನಡೆದೇ ತಲುಪಬಹುದಾದಷ್ಟು ಸಮೀಪದ ವೃದ್ಧಾಶ್ರಮಕ್ಕೆ ಹೋಗುತ್ತಾರೆ. ಮೊದಮೊದಲು ಮಕ್ಕಳು ಗೋಡೆಗೆ ಒರಗಿ ನಿಂತರೆ, ಹಿರಿಯರು ‘ಯಾವೂರು, ಯಾರ ಮಗ’ ಎಂದು ಕೇಳಿ ಸುಮ್ಮನಾಗುತ್ತಿದ್ದರು. ಮಾತು ಹುಟ್ಟಿದ್ದು ಚೌಕಾಬಾರದ ಮನೆ ಬರೆದ ಮೇಲೆ. ಜಗುಲಿಯ ಮೇಲೆ ಸೀಮೆಸುಣ್ಣದಿಂದ ಐದೈದು ಮನೆ ಗೀಚಿ ಕವಡೆ ಇಟ್ಟಾಗ, ಅದುವರೆಗೆ ಕೋಣೆಯಿಂದ ಹೊರಗೆ ಬಾರದಿದ್ದ ಅಜ್ಜಿಯೊಬ್ಬರು ವಾಕರ್ ಹಿಡಿದು ಬಂದು ಕುರ್ಚಿ ಎಳೆಸಿಕೊಂಡರು. ಅವರ ಬೆರಳು ಸೆಟೆದಿರುವುದರಿಂದ ಕವಡೆ ಹಿಡಿಯಲಾಗದು. ಹುಡುಗಿಯೊಬ್ಬಳು ಅವರ ಪರವಾಗಿ ಕವಡೆ ಹಾಕಬೇಕು, ಯಾವ ಕಾಯಿ ನಡೆಸಬೇಕೆಂದು ಅವರು ಕೋಲಿನ ತುದಿಯಿಂದ ತೋರಿಸಬೇಕು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎಂದು ಅಜ್ಜಿ, ನಮ್ಮ ಮನೆಯಲ್ಲಿ ಹಾಗಿಲ್ಲ ಎಂದು ಹುಡುಗಿ: ಇಬ್ಬರ ನಡುವೆ ಜೋರು ವಾದವೇ ನಡೆಯಿತು. ಅಂದು ಪೂರ್ತಿಯಾಗದ ಆಟವನ್ನು ಅಜ್ಜಿ ನೆನಪಿಟ್ಟುಕೊಂಡು, ಯಾರ ಕಾಯಿ ಯಾವ ಮನೆಯಲ್ಲಿತ್ತೆಂದು ಮುಂದಿನ ಭೇಟಿಯಲ್ಲಿ ತಾವೇ ಹೇಳಿದರು. ಮುಂದಿನ ಭೇಟಿ ಇದ್ದೇ ಇದೆ ಎಂಬ ಭರವಸೆ ಇಲ್ಲದಿದ್ದರೆ ಅವರು ಅದನ್ನು ನೆನಪಿಡುವ ಅಗತ್ಯವೇ ಇರಲಿಲ್ಲ.

ಗೆಳೆತನದಲ್ಲಿ ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಇರಬೇಕು. ‘ಪಾಪ, ಅವರಿಗೆ ಯಾರೂ ಇಲ್ಲ’ ಎಂದು ಹೇಳಿ ಮಕ್ಕಳನ್ನು ಕಳುಹಿಸಿದರೆ ಅವರು ಕನಿಕರ ಹೊತ್ತುಕೊಂಡು ಹೋಗುತ್ತಾರೆ, ಅದು ಹಿರಿಯರಿಗೆ ಕೂಡಲೇ ತಿಳಿಯುತ್ತದೆ. ನಮ್ಮ ಹುಡುಗರಿಗೆ ಮುಕ್ಕಾಲು ಮಗ್ಗಿ ಎಂಬುದೊಂದಿತ್ತು ಎನ್ನುವುದೇ ಗೊತ್ತಿರಲಿಲ್ಲ. ಏಳರ ಮುಕ್ಕಾಲು ಎಷ್ಟು ಎಂದರೆ, ಒಂದು ಕಾಲದಲ್ಲಿ ದಿನಸಿ ಅಂಗಡಿ ನಡೆಸಿದ್ದ ಅಜ್ಜ ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಐದೂಕಾಲು ಎನ್ನುತ್ತಾರೆ. ಹುಡುಗ ಕಾಗದದ ಮೇಲೆ ಗುಣಿಸಿ, ಭಾಗಿಸಿ ಸರಿ ಎಂದು ಒಪ್ಪುತ್ತಾನೆ. ಅದೇ ಹುಡುಗ ಅಜ್ಜನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟು, ದೂರದೇಶದಲ್ಲಿರುವ ಮಗನಿಗೆ ವಿಡಿಯೊ ಕರೆ ಮಾಡುವುದನ್ನು ಹೇಳಿಕೊಟ್ಟಿದ್ದಾನೆ. ಕಣ್ಣಿನ ಪೊರೆಯಿಂದಾಗಿ ಓದಲಾಗದವರಿಗೆ ಮಕ್ಕಳು ಪತ್ರಿಕೆ ಓದಿ ಹೇಳುತ್ತಾರೆ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಒತ್ತಕ್ಷರದಲ್ಲಿ ತಡವರಿಸಿದರೆ ಕೇಳುವವರು ತಾಳ್ಮೆಯಿಂದ ತಿದ್ದುತ್ತಾರೆ. ಪರೀಕ್ಷೆಯ ಭಯವಿಲ್ಲದೆ ಗಟ್ಟಿಯಾಗಿ ಕನ್ನಡ ಓದಿಸುವ ಇಂತಹ ಅವಕಾಶವನ್ನು ತರಗತಿಯಲ್ಲಿ ಒದಗಿಸುವುದು ನನ್ನಂಥವರಿಗೆ ಕಷ್ಟ.

ಮರೆವಿನ ಕಾಯಿಲೆ ಇರುವವರೊಂದಿಗೆ ಒಡನಾಡಲು ಮಕ್ಕಳಿಗೆ ಮುಂಚಿತವಾಗಿ ತಿಳಿವಳಿಕೆ ನೀಡಲೇಬೇಕು. ಒಬ್ಬ ಹಿರಿಯರು ಹುಡುಗನ ಹೆಸರನ್ನು ಒಂದೇ ಗಳಿಗೆಯಲ್ಲಿ ಮತ್ತೆ ಮತ್ತೆ ಕೇಳಿದಾಗ ಅವನು ಗಾಬರಿಯಾಗಿ ನನ್ನ ಮುಖ ನೋಡಿದ. ‘ಆಗಲೇ ಹೇಳಿದೆನಲ್ಲ’ ಎನ್ನಬಾರದು, ಪ್ರತಿಸಲವೂ ಮೊದಲ ಸಲದಂತೆಯೇ ಹೇಳಬೇಕು ಎಂದು ಅಲ್ಲಿನ ಆಯಾ ಹೇಳಿಕೊಟ್ಟರು. ಕಿವಿ ಮಂದವಿದ್ದವರ ಎದುರಿಗೆ ಕುಳಿತು ಮುಖ ಕಾಣುವಂತೆ ನಿಧಾನವಾಗಿ ಮಾತನಾಡಬೇಕು, ಹಿಂದಿನಿಂದ ಕೂಗಬಾರದು. ಗಾಲಿಕುರ್ಚಿಯನ್ನು ಕೇಳದೆ ತಳ್ಳಬಾರದು. ಔಷಧಿಯ ವಾಸನೆಗೆ ಮೂಗು ಮುಚ್ಚಿಕೊಳ್ಳಬಾರದು. ಇವೆಲ್ಲ ಅರ್ಧ ಗಂಟೆಯಲ್ಲಿ ಕಲಿಸಬಹುದಾದ ಸಂಗತಿಗಳು. ಕಲಿಸದೆ ಕಳುಹಿಸಿದರೆ ಮಗು ಹೆದರಿ ಮರಳುತ್ತದೆ, ಆ ಹೆದರಿಕೆ ಬಹುಕಾಲ ಉಳಿಯುತ್ತದೆ.

ಬೇರೆ ದೇಶಗಳಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಟೋಕಿಯೊದ ಕೊತೊಎನ್ ಎಂಬ ಸಂಸ್ಥೆ ದಶಕಗಳ ಹಿಂದೆಯೇ ಶಿಶುವಿಹಾರವನ್ನೂ ವೃದ್ಧಾಶ್ರಮವನ್ನೂ ಒಂದೇ ಸೂರಿನಡಿ ತಂದಿತು. ಅಮೆರಿಕದ ಸಿಯಾಟಲ್‌ನ ವೃದ್ಧಾಶ್ರಮವೊಂದರಲ್ಲಿ 1991ರಿಂದ ಮಕ್ಕಳ ಪಾಲನಾ ಕೇಂದ್ರ ನಡೆಯುತ್ತಿದೆ. ಅಷ್ಟು ದೊಡ್ಡ ಏರ್ಪಾಡು ಇಲ್ಲಿ ಕೂಡಲೇ ಆಗಬೇಕೆಂದು ನಾನು ಹೇಳುತ್ತಿಲ್ಲ. ಆದರೆ ನಗರಗಳಲ್ಲಿ ಎಷ್ಟೋ ಅಂಗನವಾಡಿಗಳು ಇಕ್ಕಟ್ಟಾದ ಬಾಡಿಗೆ ಕೋಣೆಗಳಲ್ಲಿ ನಡೆಯುತ್ತಿರುವಾಗ, ಅಂಗಳವೂ ಖಾಲಿ ಕೋಣೆಯೂ ಇರುವ ವೃದ್ಧಾಶ್ರಮಗಳ ಆವರಣದಲ್ಲಿ ಒಂದೆರಡನ್ನಾದರೂ ನಡೆಸಿ ನೋಡಬಾರದೇಕೆ?

ಕಾನೂನು, ನೀತಿಗಳ ಅಡ್ಡಿಯಂತೂ ಇಲ್ಲ. ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007ರ 19ನೇ ಕಲಂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಆಶ್ರಯ ನೀಡಬಲ್ಲ ಒಂದು ವೃದ್ಧಾಶ್ರಮವಾದರೂ ಪ್ರತಿ ಜಿಲ್ಲೆಯಲ್ಲಿ ಇರಬೇಕೆಂಬ ಗುರಿಯನ್ನು ರಾಜ್ಯ ಸರ್ಕಾರಗಳ ಮುಂದಿಟ್ಟಿದೆ. ಸೂರು, ಅನ್ನ, ಔಷಧಿಯ ಬಗ್ಗೆ ಅಲ್ಲಿ ಯೋಚಿಸಿರುವುದು ಸರಿಯೇ; ಒಡನಾಟದ ಬಗ್ಗೆ ಯೋಚಿಸಬೇಕಾದವರು ನಾವು. 2011ರ ಜನಗಣತಿಯಲ್ಲಿಯೇ ಕರ್ನಾಟಕದ ಸುಮಾರು 58 ಲಕ್ಷ ಜನ 60 ದಾಟಿದವರಾಗಿದ್ದರು. ಇನ್ನು ಶಾಲೆಗಳ ಕಡೆಗೆ ಬಂದರೆ, ಬ್ಯಾಗಿನ ಹೊರೆಯಿಲ್ಲದ ಶನಿವಾರವನ್ನು ನಮ್ಮ ಸರ್ಕಾರಿ ಶಾಲೆಗಳು ಈಗಾಗಲೇ ಬಲ್ಲವು. ಹೊಸ ಯೋಜನೆಯ ಹೆಸರಾಗಲೀ ಲಾಂಛನವಾಗಲೀ ಇದಕ್ಕೆ ಬೇಕಿಲ್ಲ.

ಬೇಕಾಗಿರುವುದು ಎಚ್ಚರ. ಮೊದಲನೆಯದಾಗಿ ಹಿರಿಯರ ಒಪ್ಪಿಗೆ. ಆಶ್ರಮದಲ್ಲಿರುವವರೆಲ್ಲರಿಗೂ ಮಕ್ಕಳ ಗದ್ದಲ ಹಿತವಾಗಿರುತ್ತದೆ ಎಂದುಕೊಳ್ಳುವುದು ತಪ್ಪು. ಅದು ಅವರ ಮನೆ, ಬೇಡ ಎನ್ನುವ ಹಕ್ಕು ಅವರಿಗಿದೆ. ನೆಗಡಿ, ಜ್ವರ ಇರುವ ಮಗು ಅಂದು ಹೋಗಬಾರದು, ಏಕೆಂದರೆ ಮಕ್ಕಳಿಗೆ ಎರಡು ದಿನದಲ್ಲಿ ವಾಸಿಯಾಗುವುದು ಎಂಬತ್ತರ ಶ್ವಾಸಕೋಶಕ್ಕೆ ಅಪಾಯ ತಂದೀತು. ಪೋಷಕರ ಲಿಖಿತ ಅನುಮತಿ ಇರಬೇಕು, ಎಲ್ಲರೂ ಕಾಣುವ ಜಗುಲಿಯಲ್ಲೋ ಹಜಾರದಲ್ಲೋ ಕೂರಬೇಕು, ಶಿಕ್ಷಕರು ಜೊತೆಗಿರಬೇಕು. ಹಣ, ಉಡುಗೊರೆ ಎರಡೂ ಕಡೆಯಿಂದ ಬೇಡ. ಫೋಟೊ ತೆಗೆದು ಶಾಲೆಯ ಪ್ರಚಾರಕ್ಕೆ ಹಾಕುವುದನ್ನು ಪೂರ್ತಿ ನಿಲ್ಲಿಸಬೇಕು. ಮಗಳ ಮನೆಯಲ್ಲಿದ್ದೇನೆ ಎಂದು ಊರಿನವರಿಗೆ ಹೇಳಿಕೊಂಡು ಬದುಕುತ್ತಿರುವ ತಾಯಂದಿರು ಅಲ್ಲಿದ್ದಾರೆ.

ಪೋಷಕರು ನನ್ನಲ್ಲಿ ಹೆಚ್ಚಾಗಿ ಕೇಳುವುದು ಸಾವಿನ ಬಗ್ಗೆ. ಮಗು ಹಚ್ಚಿಕೊಂಡ ಅಜ್ಜ ತೀರಿಕೊಂಡರೆ ಏನು ಮಾಡುವುದು ಎಂಬ ಅವರ ಆತಂಕ ನಿಜವಾದದ್ದು, ಅದನ್ನು ಹಗುರವಾಗಿ ಕಾಣಲಾಗದು. ನಮ್ಮಲ್ಲಿಯೂ ಹಾಗಾಗಿದೆ. ಊರಿಗೆ ಹೋಗಿದ್ದಾರೆ ಎಂದು ಸುಳ್ಳು ಹೇಳಬಾರದೆಂದು ನಿರ್ಧರಿಸಿ, ಹೋಗುವ ಮುನ್ನವೇ ಶಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದಹಾಗೆ ತಿಳಿಸಿದೆವು. ಅತ್ತವರಿಗೆ ಅಳಲು ಬಿಟ್ಟೆವು. ಅಂದು ಆಶ್ರಮಕ್ಕೆ ಹೋಗಲೇಬೇಕೆಂದು ಯಾರನ್ನೂ ಬಲವಂತ ಮಾಡಲಿಲ್ಲ. ಆದರೂ ಬಹುಪಾಲು ಮಕ್ಕಳು ಹೊರಟರು, ಮತ್ತು ಅದೇ ಕೋಣೆಯಲ್ಲಿ ಒಂಟಿಯಾಗಿ ಉಳಿದಿದ್ದ ಇನ್ನೊಬ್ಬ ಹಿರಿಯರ ಬಳಿ ಹೋಗಿ ಕುಳಿತರು. ಒಟ್ಟುಕುಟುಂಬದಲ್ಲಿ ಬೆಳೆದ ಹಿಂದಿನ ತಲೆಮಾರಿನ ಮಕ್ಕಳು ಮುಪ್ಪನ್ನೂ ಸಾವನ್ನೂ ಮನೆಯೊಳಗೇ ಕಂಡವರು. ಎರಡು ಕೋಣೆಯ ಮನೆಗಳಲ್ಲಿ ಬೆಳೆಯುತ್ತಿರುವ ಇಂದಿನ ಮಕ್ಕಳಿಂದ ಅವೆರಡನ್ನೂ ಮುಚ್ಚಿಟ್ಟು ನಾವು ಅವರಿಗೆ ಉಪಕಾರ ಮಾಡುತ್ತಿದ್ದೇವೆ ಎಂದು ನನಗೆ ಅನ್ನಿಸುವುದಿಲ್ಲ.

ಬೇಸಿಗೆ ರಜೆಯಲ್ಲಿ ಭೇಟಿ ತಪ್ಪುತ್ತದೆ. ಆಗ 50 ಪೈಸೆಯ ಅಂಚೆ ಕಾರ್ಡು ಒದಗಿ ಬರುತ್ತದೆ. ದಪ್ಪಕ್ಷರದಲ್ಲಿ ನಾಲ್ಕು ಸಾಲು ಬರೆದರೂ ಸಾಕು, ಅದು ಆಶ್ರಮದ ಮೊಗಸಾಲೆಯಲ್ಲಿ ಕೈಯಿಂದ ಕೈಗೆ ಓಡಾಡುತ್ತದೆ.

ಮೇ ಕೊನೆಯಲ್ಲಿ ಶಾಲೆಗಳು ಪುನರಾರಂಭವಾಗುವ ಮುನ್ನ ಶಾಲಾ ಶಿಕ್ಷಣ ಇಲಾಖೆಯೂ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯೂ ಕೂಡಿ ಕುಳಿತು, ಯಾವ ಶಾಲೆಯ ನಡಿಗೆಯ ದೂರದಲ್ಲಿ ಯಾವ ವೃದ್ಧಾಶ್ರಮವಿದೆ ಎಂಬ ಪಟ್ಟಿಯನ್ನು ತಾಲ್ಲೂಕುವಾರು ಸಿದ್ಧಪಡಿಸಿ ಮುಖ್ಯೋಪಾಧ್ಯಾಯರಿಗೆ ಕಳುಹಿಸಲಿ. ಎಷ್ಟು ಮಕ್ಕಳು ಹೋದರು, ಎಷ್ಟು ಫೋಟೊ ಬಂದವು ಎಂಬ ವರದಿಯನ್ನು ಮಾತ್ರ ಕೇಳದಿರಲಿ. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಸುತ್ತೋಲೆಗಾಗಿ ಕಾಯಬೇಕಿಲ್ಲ. ಒಬ್ಬ ಆಸಕ್ತ ಶಿಕ್ಷಕರು, ಹತ್ತು ಮಂದಿ ಮಕ್ಕಳು, ಹದಿನೈದು ದಿನಕ್ಕೊಂದು ಬೆಳಿಗ್ಗೆ ಇದ್ದರೆ ಆರಂಭಿಸಬಹುದು. ಆಶ್ರಮಗಳಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹಿರಿಯರು ಮಲಗುವುದರಿಂದ ಹನ್ನೆರಡು ಗಂಟೆಯೊಳಗೆ ಮಕ್ಕಳು ಹೊರಡುವಂತೆ ವೇಳಾಪಟ್ಟಿ ಹೊಂದಿಸಿಕೊಳ್ಳಬೇಕೆಂದು ವಿನಂತಿ.

ಇಂತಿ,
ಶಾಲಾ ಶಿಕ್ಷಕಿ
ಹಾಸನ ಜಿಲ್ಲೆ