ಮ್ಯಾಟ್ ಬಸ್ಬಿನ ಮರೀಬೇಡಿ

ಸಂಪಾದಕರೇ,
ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಅಂದ್ರೆ ಎಲ್ರೂ ಮ್ಯಾನೇಜರ್ ಆಗಿದ್ದ ಫರ್ಗ್ಯುಸನ್ ಹೆಸ್ರೇ ಹೇಳ್ತಾರೆ, ಸರಿನೇ, ಆದ್ರೆ ನಂಗೆ ಅವ್ರಿಗಿಂತ ಹಿಂದೆ ಮ್ಯಾನೇಜರ್ ಆಗಿದ್ದ ಮ್ಯಾಟ್ ಬಸ್ಬಿನೇ ದೊಡ್ಡೋರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ದೈಹಿಕ ತರಬೇತಿ ಕೊಡ್ತಿದ್ರು, ಸೈನಿಕರ ಫುಟ್ಬಾಲ್ ಟೀಮೂ ನೋಡ್ಕೊಂಡ್ರು, ಇಟಲಿಯ ಬಾರಿಯಲ್ಲಿ ಜಿಮ್ಮಿ ಮರ್ಫಿ ಸೈನಿಕರ ಮುಂದೆ ಮಾತಾಡಿದ್ದು ಕೇಳಿ ಇವ್ನೇ ಬೇಕು ಅಂತ ಕ್ಲಬ್ಬಿನ ಕೋಚ್ ಕೆಲಸಕ್ಕೆ ಕರೆದ್ರು, ಎಂಥಾ ಕಣ್ಣು ನೋಡಿ! 1945ರಲ್ಲಿ ಕ್ಲಬ್ಬಿಗೆ ಬಂದಾಗ ಅದರ ಗ್ರೌಂಡ್ ಓಲ್ಡ್ ಟ್ರಾಫರ್ಡ್ ಜರ್ಮನ್ ಬಾಂಬಿಗೆ ಹಾಳಾಗಿತ್ತು, ಸ್ವಂತ ಗ್ರೌಂಡ್ ಇಲ್ದೇನೇ 1948ರಲ್ಲಿ ಇಂಗ್ಲೆಂಡಿನ ಕ್ಲಬ್ಬುಗಳ ಎಫ್‌ಎ ಕಪ್ ಗೆದ್ರು. 1958ರ ಮ್ಯೂನಿಕ್ ವಿಮಾನ ಅಪಘಾತದಲ್ಲಿ ಟೀಮಿನ 8 ಆಟಗಾರರು ತೀರ್ಕೊಂಡ್ರು, ತಾವೂ ಸಾವಿನ ಬಾಯಿಂದ ಎದ್ದು ಬಂದು 1968ರಲ್ಲಿ ಪೋರ್ಚುಗಲ್ಲಿನ ಬೆನ್ಫಿಕಾ ಕ್ಲಬ್ಬನ್ನ 4-1ರಲ್ಲಿ ಸೋಲ್ಸಿ ಯುರೋಪಿಯನ್ ಕಪ್ ಎತ್ತಿಸಿದ್ರು. ನಿಮ್ಮ ಕ್ರೀಡಾ ಪುಟದಲ್ಲಿ ಇವರ ಬಗ್ಗೆ ಒಂದು ದೊಡ್ಡ ಲೇಖನ ಹಾಕಿ ದಯವಿಟ್ಟು.