ನೀಲಿ ಪೈಪಿನ ಹಿರಿಯರಿಗೆ

ಇಂಗ್ಲೆಂಡಿನ ಕೆಸ್ವಿಕ್ ಹತ್ತಿರ, ಸುರಿಯುವ ಮಳೆಯಲ್ಲಿ ನಮಗೆ ನೆರವಾದ ಪಕ್ಕದ ಕ್ಯಾರವಾನಿನ (ಕಾರಿಗೆ ಕಟ್ಟಿ ಎಳೆದೊಯ್ಯುವ ಮನೆಗಾಡಿಯ) ಹಿರಿಯರೇ, ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು.

ನಲ್ಲಿಯ ನೀರನ್ನು ನೇರವಾಗಿ ಕ್ಯಾರವಾನಿಗೆ ಕೊಡಲು ಹೊರಟಿದ್ದೆ. ಓಡಿ ಬಂದು ತಡೆದಿರಿ. ಒಳಗಿನ ಕೊಳವೆಗಳು ಸಣ್ಣ ಪಂಪಿನ ಒತ್ತಡಕ್ಕೆ ಮಾಡಿದವು, ನಲ್ಲಿಯ ಪೂರ್ತಿ ಒತ್ತಡ ಬಿದ್ದರೆ ಜಾಯಿಂಟುಗಳು ಬಿಟ್ಟುಕೊಂಡಾವು ಎಂದಿರಿ. ಕುಡಿಯುವ ನೀರಿಗೆಂದೇ ಇರುವ ನಿಮ್ಮ ನೀಲಿ ಪೈಪ್ ತಂದು, ಮೊದಲು ಸ್ವಲ್ಪ ನೀರು ಹರಿಯಬಿಟ್ಟು, ನಮ್ಮ 40 ಲೀಟರಿನ ಡ್ರಮ್ಮಿಗೆ ಫ್ಲೋಟ್ ವಾಲ್ವ್ ಕೂರಿಸಿದಿರಿ. ಊರಲ್ಲಿ ತಾರಸಿಯ ಟ್ಯಾಂಕಿಗೆ ಹಾಕುವ ಚೆಂಡಿನ ಹಾಗೆಯೇ ಅದು: ಡ್ರಮ್ ತುಂಬಿದರೆ ನೀರು ತಾನೇ ನಿಲ್ಲುತ್ತದೆ, ಪಂಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಆ ರಾತ್ರಿ ಅಮ್ಮ ಬಿಸಿನೀರಲ್ಲಿ ಕಾಲು ತೊಳೆದು ನಿಮ್ಮನ್ನು ಬಾಯ್ತುಂಬ ಹರಸಿದರು. ಬೆಳಿಗ್ಗೆ ಬಂದರೆ ನೀವು ಹೊರಟುಹೋಗಿದ್ದಿರಿ. ಪೈಪ್ ನಮ್ಮಲ್ಲಿ ಜೋಪಾನವಾಗಿದೆ.