‘ಲೇಕ್ ವ್ಯೂ’ ದರ ಒಂದೇ, ಕಾಣುವ ಕೆರೆ ಬೇರೆ ಬೇರೆ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕೆರೆಗಳ ಸುತ್ತ ಏಳುತ್ತಿರುವ ವಸತಿ ಸಮುಚ್ಚಯಗಳಲ್ಲಿ ‘ಲೇಕ್ ವ್ಯೂ’ ಫ್ಲ್ಯಾಟುಗಳಿಗೆ ಪಿಎಲ್‌ಸಿ (ಒಳ್ಳೆಯ ಜಾಗದಲ್ಲಿರುವ ಮನೆಗೆಂದು ಹಾಕುವ ಶುಲ್ಕ) ಎಂಬ ಹೆಸರಿನಲ್ಲಿ ಚದರಡಿ ಲೆಕ್ಕದ ಹೆಚ್ಚುವರಿ ಹಣ ಪಡೆಯುತ್ತಾರೆ. ಚದರಡಿಗೆ 100 ರೂಪಾಯಿ ಎಂದು ಹಿಡಿದರೂ 1,500 ಚದರಡಿಯ ಮನೆಗೆ ಒಂದೂವರೆ ಲಕ್ಷವಾಯಿತು. ಮಹಡಿ ಏರಿದಂತೆ ‘ಫ್ಲೋರ್ ರೈಸ್’ ಬೇರೆ. ಇಷ್ಟು ತೆತ್ತವರ ಕೈಗೆ ಬರುವ ಕಾಗದದಲ್ಲಿ ಮಾತ್ರ ‘ಲೇಕ್ ಫೇಸಿಂಗ್’ ಎಂಬ ಎರಡು ಪದ ಬಿಟ್ಟರೆ ಬೇರೇನೂ ಇರುವುದಿಲ್ಲ. ಒಂದೇ ಗೇಟಿನೊಳಗೆ ಒಂದೇ ದರ ಕೊಟ್ಟ ಎರಡು ಮನೆಗಳಲ್ಲಿ ಒಂದಕ್ಕೆ ನೀರು ಕಾಣುತ್ತದೆ, ಇನ್ನೊಂದಕ್ಕೆ ಕಾಣುವುದಿಲ್ಲ. ಇದು ಅದೃಷ್ಟದ ಮಾತಲ್ಲ, ನಕ್ಷೆಯ ಮೇಲೆ ಮೊದಲೇ ಲೆಕ್ಕ ಹಾಕಬಹುದಾದ ಸಂಗತಿ. ಆ ಲೆಕ್ಕ ಮಾರಾಟದ ಕರಾರಿನಲ್ಲೇ ಇರಬೇಕು ಎಂದು ಕೇಳಲು ಈ ಪತ್ರ.

ಮೊದಲು ನೋಡಬೇಕಾದ್ದು ಮನೆ ಕೆರೆಯ ಯಾವ ಕಡೆಗಿದೆ ಎಂಬುದನ್ನು. ಇಲ್ಲಿನ ಕೆರೆಗಳು ಏರಿ ಕಟ್ಟಿ ನಿಲ್ಲಿಸಿದ ನೀರು. ಏರಿಯ ಬುಡದಲ್ಲಿ ಆಳ ಹೆಚ್ಚು, ನೀರು ಬಂದು ಸೇರುವ ಮೇಲ್ದಂಡೆಯಲ್ಲಿ ಮೊಣಕಾಲುದ್ದ. ಬೇಸಿಗೆ ಬಂತೆಂದರೆ ನೀರು ಏರಿಯತ್ತ ಸರಿಯುತ್ತದೆ, ಮೇಲ್ದಂಡೆಯ ಮನೆಗಳ ಎದುರಿಗೆ ಬಿರುಕು ಬಿಟ್ಟ ಕೆಸರು, ಜೊಂಡು ಉಳಿಯುತ್ತದೆ. (ಏಪ್ರಿಲ್‌ನಲ್ಲೂ ದಂಡೆ ತುಂಬಿ ನಿಂತ ಕೆರೆ ಕಂಡರೆ ಹಿಗ್ಗುವ ಮೊದಲು ಅದಕ್ಕೆ ಎಲ್ಲಿಯ ನೀರು ಬರುತ್ತಿದೆ ಎಂದು ವಿಚಾರಿಸಿ.) ಏರಿಯ ಹಿಂಬದಿಯ ಕಥೆ ಇನ್ನೊಂದು. ಅದು ಹಿಂದೆ ಅಚ್ಚುಕಟ್ಟಿನ ಗದ್ದೆಗಳಿದ್ದ ಜಾಗ, ನೀರಿನ ಮಟ್ಟಕ್ಕಿಂತ ತಗ್ಗು. ಏರಿ 15 ಅಡಿ ಎತ್ತರವಿದ್ದರೆ ನೆಲಮಹಡಿಗೂ ಮೊದಲ ಮಹಡಿಗೂ ಕಾಣುವುದು ಏರಿಯ ಇಳಿಜಾರಿನ ಹುಲ್ಲು, ಅದರ ಮೇಲೆ ವಾಕಿಂಗ್ ಹೋಗುವವರ ಕಾಲು.

ಎರಡನೆಯದು ಬಾಲ್ಕನಿಯ ತಡೆಗೋಡೆ. ಹೆಚ್ಚಿನವರು ಎಡವುವುದು ಇಲ್ಲಿ, ಏಕೆಂದರೆ ಮೇಲೆ ಹೋದಷ್ಟೂ ನೋಟ ಚೆಂದ ಎಂದು ಎಲ್ಲರೂ ನಂಬಿದ್ದಾರೆ. ಲೆಕ್ಕ ನೋಡಿ. ಇಟ್ಟಿಗೆ ಅಥವಾ ಕಾಂಕ್ರೀಟಿನ ತಡೆಗೋಡೆ ಸಾಮಾನ್ಯವಾಗಿ 42 ಇಂಚು. ಸೋಫಾದಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 46 ಇಂಚು. ಹಾಲ್‌ನ ಸೋಫಾ ತಡೆಗೋಡೆಯಿಂದ 10 ಅಡಿ ಒಳಗಿದ್ದರೆ, ಆ ಹತ್ತಡಿಯಲ್ಲಿ ದೃಷ್ಟಿರೇಖೆ ಇಳಿಯಬಹುದಾದ್ದು 4 ಇಂಚು, ಅಂದರೆ 30 ಅಡಿಗೆ 1 ಅಡಿ. ಮಹಡಿಗೆ 10 ಅಡಿಯಂತೆ ಮೂರನೇ ಮಹಡಿಯಲ್ಲಿ ಕಣ್ಣು ನೆಲದಿಂದ 34 ಅಡಿ ಎತ್ತರದಲ್ಲಿರುತ್ತದೆ. ಅಲ್ಲಿಂದ ಗೋಡೆಯ ಮೇಲಂಚಿನಾಚೆ ಮೊದಲು ಕಾಣುವ ನೆಲ ಸುಮಾರು 1,020 ಅಡಿ ದೂರದ್ದು. ಹನ್ನೆರಡನೇ ಮಹಡಿಯಲ್ಲಿ ಕಣ್ಣು 124 ಅಡಿಯಲ್ಲಿ, ಮೊದಲು ಕಾಣುವ ನೆಲ 3,720 ಅಡಿಯಾಚೆ, ಅಂದರೆ ಒಂದು ಕಿಲೋಮೀಟರಿಗೂ ಹೆಚ್ಚು. ನಗರದ ಬಹುತೇಕ ಕೆರೆಗಳು ಅಷ್ಟು ಅಗಲವೇ ಇಲ್ಲ. ಹಾಗಾಗಿ ಹೆಚ್ಚು ಹಣ ಕೊಟ್ಟ ಹನ್ನೆರಡನೇ ಮಹಡಿಯವರು ಕುಳಿತಲ್ಲಿಂದ ನೋಡುವುದು ಆಚೆ ದಂಡೆಯ ಕಟ್ಟಡಗಳನ್ನು ಮತ್ತು ಆಕಾಶವನ್ನು. ಕೆರೆ ಬೇಕೆಂದರೆ ಎದ್ದು ಬಾಲ್ಕನಿಗೆ ಹೋಗಿ ನಿಲ್ಲಬೇಕು. ಅದೇ ಮಹಡಿಯಲ್ಲಿ ಗಾಜಿನ ತಡೆ ಅಥವಾ ತೆಳು ಸರಳುಗಳ ರೇಲಿಂಗ್ ಇದ್ದರೆ ಈ ತೊಂದರೆ ಬಹುಪಾಲು ತೀರುತ್ತದೆ. ಮಾದರಿ ಫ್ಲ್ಯಾಟಿನಲ್ಲಿ ಗಾಜು ತೋರಿಸಿ, ಕಟ್ಟುವಾಗ ಅರ್ಧಕ್ಕೆ ಗೋಡೆ, ಮೇಲರ್ಧಕ್ಕೆ ಪೈಪು ಹಾಕಿದರೆ ನೋಟದ ಲೆಕ್ಕವೆಲ್ಲ ತಲೆಕೆಳಗು. ಆದ್ದರಿಂದ ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ತಡೆಯ ಎತ್ತರದ ಜೊತೆ ಅದು ಯಾವುದರದ್ದು ಎಂಬುದೂ ಬರೆದಿರಬೇಕು.

ಕೆಳ ಮಹಡಿಗಳ ತೊಡಕು ಮರ. ಕೆರೆಯಂಚಿನ ಹೊಂಗೆ, ಮಳೆಮರಗಳು ಬೆಳೆದು ನಿಂತರೆ ಎರಡರಿಂದ ನಾಲ್ಕನೇ ಮಹಡಿಯವರಿಗೆ ಎದುರಿಗಿರುವುದು ಎಲೆಗಳ ಗೋಡೆ. ಮನೆ ಕೊಳ್ಳುವಾಗ ಆಳೆತ್ತರವಿದ್ದ ಸಸಿ ಹತ್ತು ವರ್ಷದಲ್ಲಿ ನೋಟ ಮುಚ್ಚುತ್ತದೆ. ನೋಟಕ್ಕಾಗಿ ಕೊಂಬೆ ಕಡಿಸಲು ಹೊರಡುವ ನಿವಾಸಿಗಳ ಸಂಘಗಳಿವೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರಕ್ಕೆ ಕೊಡಲಿ ಹಾಕುವಂತಿಲ್ಲ. ‘ಕೆರೆ ಕಾಣುತ್ತಿಲ್ಲ’ ಎಂಬುದು ಅನುಮತಿಗೆ ಕಾರಣವಾಗಲೂಬಾರದು.

ಇನ್ನು ಬೆಳಕು. ನೀರನ್ನು ಓರೆಯಾಗಿ ನೋಡಿದಷ್ಟೂ ಅದು ಕನ್ನಡಿ. ಮೇಲ್ಮೈಯಿಂದ 10 ಡಿಗ್ರಿ ಕೋನದಲ್ಲಿ ನೋಡಿದರೆ ಬೆಳಕಿನ ಮೂರನೇ ಒಂದು ಭಾಗ ಪ್ರತಿಫಲಿಸುತ್ತದೆ, 30 ಡಿಗ್ರಿಯಲ್ಲಿ ಶೇ 6ರಷ್ಟು ಮಾತ್ರ. ಕೆಳ ಮಹಡಿಯವರಿಗೆ ಕೊಳಕು ಕೆರೆಯೂ ಬೆಳ್ಳಿಯ ಪಟ್ಟಿಯಾಗಿ ಕಂಡೀತು. ಮೇಲಿನವರಿಗೆ ಹತ್ತಿರದ ನೀರಿನ ನಿಜಬಣ್ಣ, ಅಂತರಗಂಗೆ, ತೇಲುವ ಪ್ಲಾಸ್ಟಿಕ್ ಎಲ್ಲವೂ ಸ್ಪಷ್ಟ. ಕೆರೆ ಪಶ್ಚಿಮಕ್ಕಿದ್ದರೆ ಸಂಜೆ ಎರಡು ಸೂರ್ಯರ ಕಾಟ. ಮೇಲಿನ ಬಿಸಿಲನ್ನು ಸಜ್ಜಾ ತಡೆಯುತ್ತದೆ, ನೀರಿನಿಂದ ಎದ್ದು ಬರುವ ಪ್ರತಿಫಲನ ಕೆಳಗಿನಿಂದ ನುಗ್ಗಿ ಚಾವಣಿಗೆ ಹೊಡೆಯುವುದರಿಂದ ಅದಕ್ಕೆ ಸಜ್ಜಾ ಉಪಯೋಗವಿಲ್ಲ, ಪರದೆಯೇ ಗತಿ. ಪರದೆ ಎಳೆದರೆ ದುಡ್ಡು ಕೊಟ್ಟು ಕೊಂಡ ನೋಟವೂ ಹೋಯಿತು. ಕೆರೆ ಉತ್ತರಕ್ಕಿರುವ ಮನೆಗಳಿಗೆ ವರ್ಷದ ಬಹುಕಾಲ ಹದವಾದ ಬೆಳಕು. ಗಾಳಿಯೂ ಹೀಗೆಯೇ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಬೀಸುವಾಗ ನೊರೆ, ವಾಸನೆ ಪೂರ್ವದಂಡೆಯ ಮನೆಗಳ ಪಾಲು. ಚಳಿಗಾಲದ ಮೂಡಣ ಗಾಳಿಗೆ ಪಶ್ಚಿಮದಂಡೆಯವರ ಸರದಿ.

ಯು ಆಕಾರದ ಕಟ್ಟಡಗಳ ಒಳಮೂಲೆಯ ಮನೆಗಳಿಗೆ ‘ಪಾರ್ಶಿಯಲ್ ಲೇಕ್ ವ್ಯೂ’ ಎಂಬ ಹೆಸರು. ಮನೆಯಿಂದ 200 ಅಡಿ ದೂರದಲ್ಲಿರುವ ಎರಡು ಟವರುಗಳ ನಡುವೆ 40 ಅಡಿ ಸಂದಿಯಿದ್ದರೆ ಸಿಗುವ ನೋಟ ಸುಮಾರು 11 ಡಿಗ್ರಿ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಇದಕ್ಕೂ ಚದರಡಿ ಲೆಕ್ಕದ ದರ!

ನೋಟ ಉಳಿಯುತ್ತದೆ ಎಂಬ ಖಾತ್ರಿ ಕಾನೂನಿನಲ್ಲಿಲ್ಲ. 1882ರ ಅನುಭೋಗದ ಹಕ್ಕುಗಳ ಕಾಯ್ದೆಯಡಿ 20 ವರ್ಷದ ಬಳಕೆಯಿಂದ ಕಟ್ಟಡಕ್ಕೆ ಗಾಳಿ, ಬೆಳಕಿನ ಹಕ್ಕು ಬರಬಹುದು, ನೋಟದ ಹಕ್ಕು ಬರುವುದಿಲ್ಲ. ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) 2016ರಲ್ಲಿ ಕೆರೆಯಂಚಿನಿಂದ ಕಟ್ಟಡವಿಲ್ಲದೆ ಬಿಡಬೇಕೆಂದು ಹೇಳಿದ್ದ 75 ಮೀಟರ್ ಮೀಸಲು ವಲಯವನ್ನು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು, ನಗರಯೋಜನೆಯ 30 ಮೀಟರೇ ಮತ್ತೆ ಆಧಾರವಾಯಿತು. ನಿಮ್ಮ ಮನೆ 80 ಮೀಟರ್ ಹಿಂದಿದ್ದರೆ ಮುಂದಿನ ಖಾಲಿ ಜಾಗದ ಮಾಲೀಕ ಅಲ್ಲಿ ಕಟ್ಟಡ ಎಬ್ಬಿಸಲು ಅವಕಾಶವಿದೆ ಎಂದೇ ಎಣಿಸಿ. ಮಂಜೂರಾದ ನಕ್ಷೆ ಬದಲಿಸಲು ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕೆನ್ನುವ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಕಲಂ ಆ ಯೋಜನೆಯೊಳಗೆ ಮಾತ್ರ ಅನ್ವಯ, ಪಕ್ಕದ ಸೈಟಿಗಲ್ಲ. ಅದೇ ಬಿಲ್ಡರ್ ಪ್ರತ್ಯೇಕವಾಗಿ ನೋಂದಾಯಿಸುವ ‘ಎರಡನೇ ಹಂತ’ ಎಲ್ಲಿ ಏಳುತ್ತದೆ ಎಂದು ಮೊದಲೇ ಕೇಳಿಕೊಳ್ಳಬೇಕು. ಕೆರೆಯೇ ಇಲ್ಲವಾಗುವುದೂ ಉಂಟು: ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯನ್ನು ಹೂಳೆತ್ತಲು ಬರಿದು ಮಾಡಿದಾಗ ಸುತ್ತಲಿನ ‘ಲೇಕ್ ವ್ಯೂ’ ಮನೆಗಳು ನೋಡಿದ್ದು ಹೂಳು ಮತ್ತು ಯಂತ್ರಗಳನ್ನು. ಕೆಲಸ ಆಗಬೇಕಾದದ್ದೇ, ದೂರು ಅದರ ಮೇಲಲ್ಲ. ಆದರೆ ಅಂಥ ಸಾಧ್ಯತೆಯನ್ನು ಮಾರುವವರು ಹೇಳಬೇಕು.

ರಾಜ್ಯದ ರೇರಾ ಪ್ರಾಧಿಕಾರ ಒಂದು ಕೆಲಸ ಮಾಡಬಹುದು. ನೋಟಕ್ಕೆಂದು ಹಣ ಪಡೆಯುವ ಪ್ರತಿ ಯೋಜನೆಯ ಕರಾರಿಗೆ ಒಂದು ಹಾಳೆ ಲಗತ್ತಿಸಲು ಹೇಳಲಿ. ಅದರಲ್ಲಿ ಕೆರೆಯ ಕೋಡಿ ಮಟ್ಟ, ಏರಿಯ ಮೇಲ್ಮಟ್ಟ, ಆ ಮನೆಯ ನೆಲಮಟ್ಟ, ತಡೆಯ ಎತ್ತರ ಮತ್ತು ವಸ್ತು, ಕಣ್ಣಿನ ಮಟ್ಟದಿಂದ ಎಳೆದ ದೃಷ್ಟಿರೇಖೆ ಇರುವ ಅಡ್ಡಕೊಯ್ತದ ನಕ್ಷೆ ಇರಲಿ. ಅದೇ ಮಹಡಿಯ ಎತ್ತರದಲ್ಲಿ ಡ್ರೋನ್‌ನಿಂದ ತೆಗೆದ, ದಿನಾಂಕವಿರುವ ಎರಡು ಫೋಟೊ ಇರಲಿ, ಒಂದು ಮಳೆಗಾಲದ ನಂತರದ್ದು, ಒಂದು ಏಪ್ರಿಲ್‌ನದು. ಜಾಹೀರಾತಿನ ಸುಳ್ಳು ನಂಬಿ ನಷ್ಟವಾದರೆ ಪರಿಹಾರ ಕೊಡಿಸುವ 12ನೇ ಕಲಂಗೆ ಇಂಥ ಹಾಳೆಯಿದ್ದರೆ ಹಿಡಿತ ಸಿಗುತ್ತದೆ. ಬರಿಯ ‘ಲೇಕ್ ಫೇಸಿಂಗ್’ ಅನ್ನು ಸುಳ್ಳೆಂದು ಸಾಧಿಸುವುದು ಕಷ್ಟ, ಮನೆ ಕೆರೆಗೆ ಮುಖ ಮಾಡಿರುವುದಂತೂ ನಿಜ ತಾನೇ?

ಅಲ್ಲಿಯವರೆಗೆ ಕೊಳ್ಳುವವರು ಈ ಹಾಳೆಯನ್ನು ತಾವೇ ಕೇಳಬೇಕು, ಅದೂ ಕರಾರಿಗೆ ಮೊದಲು. ಕರಾರು ನೋಂದಣಿಯಾಗುವ ಮುನ್ನ ಶೇ 10ಕ್ಕಿಂತ ಹೆಚ್ಚು ಹಣ ಪಡೆಯಲು ಬಿಲ್ಡರಿಗೆ 13ನೇ ಕಲಂ ಬಿಡುವುದಿಲ್ಲ, ಚೌಕಾಶಿಗೆ ಅದೇ ಸಮಯ. ಹಾಳೆ ಕೊಡಲಾಗದು ಎಂದರೆ ವೆಚ್ಚಪಟ್ಟಿಯಿಂದ ಪಿಎಲ್‌ಸಿ ಸಾಲನ್ನು ಹೊಡೆದು ಹಾಕಿ ಎಂದು ಕೇಳಿ.

ಇತಿ,
ವಸತಿ ಕಟ್ಟಡಗಳ ನಕ್ಷೆ ಕೆಲಸದಲ್ಲಿರುವ ಇಬ್ಬರು ಎಂಜಿನಿಯರ್‌ಗಳು, ಬೆಂಗಳೂರು